ಮಿಲ್ವಾಕಿ ಚರ್ಚೆ: ನೀವು ಯಾರಿಗೆ ಎಷ್ಟು ಅಂಕ ಕೊಡುತ್ತೀರಿ?

ಪೊನ್ನಂಪೇಟೆ ಟೀಚರ್
24 ಆಗಸ್ಟ್ 2023, ಸಂಜೆ

ಅಮೆರಿಕದ ರಿಪಬ್ಲಿಕನ್ ಪಕ್ಷದಲ್ಲಿ ಅಧ್ಯಕ್ಷ ಹುದ್ದೆಗೆ ಟಿಕೆಟ್ ಕೇಳುತ್ತಿರುವವರ ಮೊದಲ ಚರ್ಚೆ ಇವತ್ತು ಬೆಳಿಗ್ಗೆ 6.30ಕ್ಕೆ ನಡೆಯಿತು. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಅದು ಬುಧವಾರ ರಾತ್ರಿ, ನಮಗೆ ಗುರುವಾರ ಬೆಳಿಗ್ಗೆ. ನಿನ್ನೆ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ ಇಳಿದದ್ದನ್ನು ನೋಡಿ ಕಣ್ಣೊರೆಸಿಕೊಂಡಿದ್ದು ಇದೇ ಮೊಬೈಲಿನಲ್ಲಿ. ಬೆಳಿಗ್ಗೆ ಅದನ್ನೇ ಅಡುಗೆಮನೆಯ ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಅಕ್ಕಿರೊಟ್ಟಿ ಮಾಡುತ್ತಾ ಎರಡು ಗಂಟೆ ಬಿಡದೆ ಕೇಳಿದೆ.

ನಾನು ಸಮಾಜ ವಿಜ್ಞಾನದ ಶಿಕ್ಷಕಿ. ಚರ್ಚಾಸ್ಪರ್ಧೆ, ಪ್ರತಿಭಾ ಕಾರಂಜಿ ಎಂದು 22 ವರ್ಷಗಳಿಂದ ತೀರ್ಪುಗಾರರ ಮೇಜಿನ ಹಿಂದೆ ಕುಳಿತಿದ್ದೇನೆ. ಹಾಗಾಗಿ ಇವತ್ತೂ ಅಂಕಪಟ್ಟಿ ಬರೆದುಕೊಂಡೇ ಕುಳಿತೆ. ಕೇಳಿದ ಪ್ರಶ್ನೆಗೆ ಉತ್ತರ ಬಂತೇ ಎಂಬುದಕ್ಕೆ 10, ಎದುರಾಳಿಯ ವಾದದ ಖಂಡನೆಗೆ 10, ಭಾಷೆಗೆ 5, ಸಮಯಪಾಲನೆಗೆ 5. ಒಟ್ಟು 30. ವೇದಿಕೆಯ ಮೇಲೆ ಎಂಟು ಜನ. ಎಲ್ಲರಿಗಿಂತ ಮುಂದಿರುವ ಟ್ರಂಪ್ ಬರಲೇ ಇಲ್ಲ. ಅದೇ ಹೊತ್ತಿಗೆ ಟಿವಿ ನಿರೂಪಕ ಟಕ್ಕರ್ ಕಾರ್ಲ್‌ಸನ್ ಜೊತೆಗಿನ ಸಂದರ್ಶನವೊಂದನ್ನು ಬಿಡುಗಡೆ ಮಾಡಿಸಿ ಕುಳಿತರು.

ನನ್ನ ಕಣ್ಣಿಗೆ ಬಿದ್ದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಚರ್ಚೆ ಶುರುವಾದ ಸ್ವಲ್ಪ ಹೊತ್ತಿಗೆ ಯುವ ವಿದ್ಯಾರ್ಥಿಯೊಬ್ಬ ಹವಾಮಾನ ಬದಲಾವಣೆಯ ಬಗ್ಗೆ ಕೇಳಿದ ಪ್ರಶ್ನೆಯನ್ನು ತೋರಿಸಿದರು. ಮನುಷ್ಯನ ನಡವಳಿಕೆಯಿಂದಲೇ ಹವಾಮಾನ ಬದಲಾಗುತ್ತಿದೆ ಎಂದು ನಂಬುವವರು ಕೈಯೆತ್ತಿ ಎಂದರು ನಿರೂಪಕರು. ಫ್ಲಾರಿಡಾದ ಗವರ್ನರ್ ರಾನ್ ಡಿಸ್ಯಾಂಟಿಸ್ ತಕ್ಷಣ ತಡೆದು, ನಾವು ಶಾಲಾ ಮಕ್ಕಳಲ್ಲ, ಚರ್ಚೆ ಮಾಡೋಣ ಎಂದರು. ಒಳ್ಳೆಯ ಮಾತು ಎಂದು ನಾನೂ ತಲೆಯಾಡಿಸಿದೆ. ಆದರೆ ಆಮೇಲೆ ಅವರು ಆ ಪ್ರಶ್ನೆಗೆ ಉತ್ತರ ಕೊಡಲೇ ಇಲ್ಲ.

ಮುಂದೆ ಇನ್ನೊಂದು ಕೈಯೆತ್ತುವ ಪ್ರಶ್ನೆ ಬಂತು. ಟ್ರಂಪ್ ಮೇಲಿನ ಮೊಕದ್ದಮೆಯಲ್ಲಿ ಅಪರಾಧ ಸಾಬೀತಾದರೂ, ಪಕ್ಷ ಅವರನ್ನೇ ಆರಿಸಿದರೆ ನೀವು ಬೆಂಬಲಿಸುತ್ತೀರಾ? ಉದ್ಯಮಿ ವಿವೇಕ್ ರಾಮಸ್ವಾಮಿಯ ಕೈ ಮೊದಲು ಮೇಲಕ್ಕೆ ಹೋಯಿತು. ನಟ್ಟನಡುವೆ ನಿಂತಿದ್ದ ಡಿಸ್ಯಾಂಟಿಸ್ ಆ ಕಡೆ ನೋಡಿದರು, ಈ ಕಡೆ ನೋಡಿದರು, ಅಕ್ಕಪಕ್ಕದವರ ಕೈ ಎದ್ದದ್ದನ್ನು ಕಂಡ ಮೇಲೆ ತಮ್ಮ ಕೈ ಎತ್ತಿದರು. ರೊಟ್ಟಿ ಹೆಂಚಿನ ಮೇಲೆ ಸೀದರೂ ಸೀಯಲಿ ಎಂದು ಆ ಭಾಗವನ್ನು ಹಿಂದಕ್ಕೆ ಎಳೆದು ಎರಡು ಸಲ ನೋಡಿದೆ. ಪಕ್ಕದ ಬೆಂಚಿನವನು ಏನು ಬರೆದಿದ್ದಾನೆ ಎಂದು ನೋಡಿ ಉತ್ತರ ಬರೆಯುವ ಮಗುವಿನ ಕುತ್ತಿಗೆ ಹೇಗೆ ತಿರುಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಮಗುವಾದರೆ ಕ್ಷಮಿಸುತ್ತೇನೆ. ಅಷ್ಟು ದೊಡ್ಡ ರಾಜ್ಯವನ್ನು ಆಳುವವರು ಹಾಗೆ ಮಾಡಿದ್ದನ್ನು ಕ್ಷಮಿಸಲು ಆಗಲಿಲ್ಲ. ನನ್ನ ಪಟ್ಟಿಯಲ್ಲಿ ಅವರಿಗೆ 14.

ಕೈಯೆತ್ತದೆ ಉಳಿದವರು ನ್ಯೂಜೆರ್ಸಿಯ ಮಾಜಿ ಗವರ್ನರ್ ಕ್ರಿಸ್ ಕ್ರಿಸ್ಟಿ, ಅರ್ಕನ್ಸಾದ ಮಾಜಿ ಗವರ್ನರ್ ಏಸಾ ಹಚಿನ್ಸನ್. ಇಬ್ಬರಿಗೂ ಸಭಿಕರು ಕೂಗಿ ಅಡ್ಡಿಪಡಿಸಿದರು. ಕೂಗಾಟದ ನಡುವೆಯೂ ಮಾತು ಮುಗಿಸಿದ್ದಕ್ಕೆ ಕ್ರಿಸ್ಟಿಗೆ 20, ಹಚಿನ್ಸನ್‌ಗೆ 19.

ಸೌತ್ ಕೆರೊಲಿನಾದ ಮಾಜಿ ಗವರ್ನರ್ ನಿಕ್ಕಿ ಹೇಲಿಗೆ 24. ಸಾಲದ ಪ್ರಶ್ನೆ ಬಂದಾಗ ಡೆಮಾಕ್ರಟ್ ಪಕ್ಷವನ್ನು ಬೈದು ಚಪ್ಪಾಳೆ ಗಿಟ್ಟಿಸುವ ದಾರಿ ಸುಲಭವಿತ್ತು. ಅವರು ಟ್ರಂಪ್ ಕಾಲದಲ್ಲೇ 8 ಲಕ್ಷ ಕೋಟಿ ಡಾಲರ್ ಸಾಲ ಏರಿತು ಎಂದು ಸ್ವಂತ ಪಕ್ಷದ ಕಡೆಗೇ ಬೆರಳು ತೋರಿಸಿದರು. ಗರ್ಭಪಾತದ ಪ್ರಶ್ನೆಗೆ, ಸೆನೆಟ್‌ನಲ್ಲಿ 60 ಮತ ಇಲ್ಲದೆ ರಾಷ್ಟ್ರವ್ಯಾಪಿ ಕಾನೂನು ಬರುವುದಿಲ್ಲ, ಜನರಿಗೆ ನಿಜ ಹೇಳೋಣ ಎಂದರು. ಅವರ ನಿಲುವುಗಳಲ್ಲಿ ನಾನು ಒಪ್ಪದವು ಬಹಳ ಇವೆ. ಆದರೆ ತೀರ್ಪುಗಾರರ ಮೇಜಿನಲ್ಲಿ ಕುಳಿತಾಗ ನಿಲುವಿಗೆ ಅಂಕ ಕೊಡುವುದಿಲ್ಲ, ಉತ್ತರಕ್ಕೆ ಕೊಡುತ್ತೇವೆ.

ಮನೆಯಲ್ಲಿ ಮಾತ್ರ ಎಲ್ಲರೂ ವಿವೇಕ್ ರಾಮಸ್ವಾಮಿಯೇ ಗೆದ್ದರು ಎನ್ನುತ್ತಿದ್ದಾರೆ. ನಿಮ್ಮ ಪಟ್ಟಿ ಹೇಳಿ. ಒಂದು ವಿನಂತಿ: ಇದನ್ನು ನಮ್ಮ ಜಿಲ್ಲೆಯ ಪಕ್ಷಗಳ ಜಗಳವಾಗಿ ತಿರುಗಿಸಬೇಡಿ. ಸರ್ಕಾರಿ ನೌಕರಳಾದ ನಾನು ಅದರಲ್ಲಿ ಬಾಯಿ ಹಾಕುವಂತಿಲ್ಲ.


ಕಾಫಿಕಣ, ಸಿದ್ದಾಪುರ
24 ಆಗಸ್ಟ್ 2023, ರಾತ್ರಿ

ಟೀಚರ್, ನಿಮ್ಮ ಮನೆಯವರ ಪಕ್ಷ ನನ್ನದು. ರಾಮಸ್ವಾಮಿಯ ತಂದೆ ತಾಯಿ ಪಾಲಕ್ಕಾಡಿನವರು. ನಮ್ಮ ತೋಟದಿಂದ ಬೆಟ್ಟ ಇಳಿದರೆ ಕೇರಳ. ಅಲ್ಲಿಂದ ಹೋದವರ ಮಗ 38ನೇ ವಯಸ್ಸಿಗೆ, ಒಂದು ಪಂಚಾಯಿತಿ ಚುನಾವಣೆಯನ್ನೂ ಗೆಲ್ಲದೆ, ಮಾಜಿ ಉಪಾಧ್ಯಕ್ಷರ ಎದುರು ನಿಂತು ಅಷ್ಟು ಹೊತ್ತು ಏಟು ತಿಂದೂ ನಗುತ್ತಿದ್ದನಲ್ಲ, ಆ ಗಟ್ಟಿತನಕ್ಕೆ ಅಂಕ ಇಲ್ಲವೇ? ಎಲ್ಲರೂ ಸೇರಿ ಹೊಡೆದದ್ದು ಅವನಿಗೇ. ಕಾಯಿ ಬಿಟ್ಟ ಮರಕ್ಕೇ ಕಲ್ಲು.

ಆದರೆ ಒಂದು ಮಾತು ನನಗೆ ನುಂಗಲಾಗಲಿಲ್ಲ. ಹವಾಮಾನ ಬದಲಾವಣೆಯ ಕಾರ್ಯಸೂಚಿಯೇ ಮೋಸ ಎಂದುಬಿಟ್ಟನಲ್ಲ, ಅದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಜಾರಿದಾಗ ನಾನು ಸಂತ್ರಸ್ತರ ಶಿಬಿರಕ್ಕೆ ಅಕ್ಕಿ, ಕಂಬಳಿ ಹೊತ್ತುಕೊಂಡು ಹೋಗಿದ್ದೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿದು ಅರ್ಚಕರ ಮನೆ ಮಣ್ಣಾಯಿತು. ಈ ಆಗಸ್ಟ್‌ನಲ್ಲಿ ನೋಡಿದರೆ ಮಳೆಯೇ ಇಲ್ಲ. ಜೋರು ಮಳೆಯ ಕಕ್ಕಡ ತಿಂಗಳು ಕಳೆದ ಮೇಲೆ ತೋಟದಲ್ಲಿ ಒಣ ಎಲೆ ಕಾಲಡಿ ಸದ್ದು ಮಾಡುವುದನ್ನು ನಾನು ಇದೇ ಮೊದಲು ಕೇಳುತ್ತಿದ್ದೇನೆ. ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬರುತ್ತದೆ ಎಂದು ಲೆಕ್ಕ ಹಾಕಿ ಬದುಕುವವರಿಗೆ ಆ ಪ್ರಶ್ನೆ ಬಹಳ ದೊಡ್ಡದು. ಅಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿದುಹೋಯಿತು.

ಹೇಲಿ ಹವಾಮಾನ ಬದಲಾವಣೆ ನಿಜ ಎಂದು ಒಪ್ಪಿಕೊಂಡರು, ಸರಿ. ಒಪ್ಪಿದ ಬೆನ್ನಿಗೇ, ಹೊಗೆ ಕಡಿಮೆ ಮಾಡಿ ಎಂದು ಚೀನಾಕ್ಕೂ ಭಾರತಕ್ಕೂ ಹೇಳಬೇಕು ಎಂದರು. ತಲೆಗೆ ಇಷ್ಟು ಎಂದು ಹಂಚಿದರೆ ಅಮೆರಿಕದವನ ಹೊಗೆ ನಮ್ಮದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅದಕ್ಕೆ ನೀವು ಎಷ್ಟು ಅಂಕ ಕಳೆದಿರಿ?


ಪೊನ್ನಂಪೇಟೆ ಟೀಚರ್
24 ಆಗಸ್ಟ್ 2023, ರಾತ್ರಿ

ಕಳೆದಿಲ್ಲ ಅಣ್ಣ, ಕಳೆಯಬೇಕಿತ್ತು. ನೀವು ಹೇಳಿದ ಮೇಲೆ ಪುನಃ ಕೇಳಿದೆ. ಹೇಲಿಗೆ 23 ಎಂದು ತಿದ್ದಿದ್ದೇನೆ.

ರಾಮಸ್ವಾಮಿಗೆ 17. ಭಾಷೆಗೆ ಪೂರ್ತಿ 5 ಕೊಟ್ಟಿದ್ದೇನೆ, ಅಷ್ಟು ಸರಾಗ. ಅಂಕ ಹೋದದ್ದು ಖಂಡನೆಯಲ್ಲಿ. ಉಕ್ರೇನ್‌ಗೆ ನೆರವು ನಿಲ್ಲಿಸಬೇಕು ಎಂದಾಗ, ಅಮೆರಿಕದ ಪರ ಇರುವ ದೇಶವನ್ನು ಬಿಟ್ಟು ಕೊಲೆಗಾರ ಪುಟಿನ್‌ನನ್ನು ಆರಿಸಿಕೊಳ್ಳುತ್ತಿದ್ದೀರಿ ಎಂದು ಹೇಲಿ ಹೇಳಿದರಲ್ಲ, ಆಗ ಆತ ವಾದಕ್ಕೆ ವಾದ ಇಡಲಿಲ್ಲ. ಶಸ್ತ್ರಾಸ್ತ್ರ ಕಂಪನಿಗಳ ಆಡಳಿತ ಮಂಡಳಿಯಲ್ಲಿ ಅವರಿಗೆ ಜಾಗ ಸಿಗಲಿ ಎಂದು ಹಾರೈಸಿದ. ನಿಮಗೆ ವಿದೇಶಾಂಗ ವ್ಯವಹಾರದ ಅನುಭವವಿಲ್ಲ, ಅದು ಎದ್ದು ಕಾಣುತ್ತಿದೆ ಎಂದು ಹೇಲಿ ಹೇಳಿದ್ದು ಆಮೇಲೆ. ಶುರುವಿನಲ್ಲಿ ಹೇಳಿದ ವಿಚಿತ್ರ ಹೆಸರಿನ ಸಣಕಲು ಹುಡುಗ ಎಂಬ ಮಾತೂ ಒಬಾಮಾ ಅವರದ್ದು. ಕ್ರಿಸ್ಟಿ ಅದನ್ನು ಅಲ್ಲೇ ಹಿಡಿದು, ಚಾಟ್‌ಜಿಪಿಟಿಯ ಹಾಗೆ ಮಾತನಾಡುವವರನ್ನು ಕೇಳಿ ಸಾಕಾಯಿತು ಎಂದರು. ಕಂಠಪಾಠ ಮಾಡಿ ಬಂದ ಮಗುವಿಗೆ ಮೊದಲ ಮೂರು ನಿಮಿಷ ಯಾವಾಗಲೂ ಚೆನ್ನಾಗಿರುತ್ತದೆ. ಪ್ರಶ್ನೋತ್ತರದ ಸುತ್ತಿನಲ್ಲಿ ಗೊತ್ತಾಗುತ್ತದೆ.

ಆದರೂ ನಿಮ್ಮ ಮಾತು ನಿಜ. ಏಟು ತಿಂದೂ ಮುಖ ಬಾಡಿಸಿಕೊಳ್ಳಲಿಲ್ಲ. ನನ್ನ ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ.


ಹಾಕಿ ಅಂಪೈರ್, ನಾಪೋಕ್ಲು
25 ಆಗಸ್ಟ್ 2023, ಬೆಳಿಗ್ಗೆ

ನಾನು ಅಂಕ ಕೊಡುವುದು ನಿರೂಪಕರಿಗೆ, ಅದೂ ಸೊನ್ನೆಯ ಹತ್ತಿರ. ಉತ್ತರಕ್ಕೆ ಒಂದು ನಿಮಿಷ, ಮರುಮಾತಿಗೆ ಅರ್ಧ ನಿಮಿಷ ಎಂದು ನಿಯಮ ಮಾಡಿದ ಮೇಲೆ ಗಂಟೆ ಬಾರಿಸಿದರೆ ನಿಲ್ಲಿಸಬೇಕು. ಯಾರೂ ನಿಲ್ಲಿಸಲಿಲ್ಲ. ಮಾಜಿ ಉಪಾಧ್ಯಕ್ಷ ಮೈಕ್ ಪೆನ್ಸ್ ಬಹಳ ಸಭ್ಯರು ಎಂದು ಹೆಸರು. ಎಲ್ಲರಿಗಿಂತ ಹೆಚ್ಚು ಹೊತ್ತು ಮಾತನಾಡಿದ್ದು ಅವರೇ. ನಮ್ಮ ಕೌಟುಂಬಿಕ ಹಾಕಿಯಲ್ಲಿ ಒಂದೇ ಮನೆಯ ಅಜ್ಜ, ಮೊಮ್ಮಗಳು ಒಟ್ಟಿಗೆ ಆಡುತ್ತಾರೆ. ಅಲ್ಲಿ ಸೀಟಿ ಊದಿದರೆ ಅಜ್ಜನೂ ನಿಲ್ಲುತ್ತಾನೆ. ಊದಿದ ಮೇಲೆ ಅಂಪೈರ್ ಹಿಂಜರಿಯಬಾರದು, ಒಂದು ಸಲ ಹಿಂಜರಿದರೆ ಆ ಪಂದ್ಯ ಅವನ ಕೈ ಬಿಟ್ಟ ಹಾಗೆಯೇ.

ನನಗೆ ಹಿಡಿಸಿದವರು ಯಾರೂ ಹೆಸರೆತ್ತದ ಡಗ್ ಬರ್ಗಮ್. ನಾರ್ತ್ ಡಕೋಟಾದ ಗವರ್ನರ್. ಚರ್ಚೆಗೆ ಮುನ್ನ ಬಾಸ್ಕೆಟ್‌ಬಾಲ್ ಆಡುವಾಗ ಹಿಮ್ಮಡಿಯ ಮೇಲಿನ ನರಕ್ಕೆ ಪೆಟ್ಟು ಬಿದ್ದು ಆಸ್ಪತ್ರೆಗೆ ಹೋಗಿ ಬಂದಿದ್ದರು. ಆ ಗಾಯ ನನಗೂ ಆಗಿದೆ. ಯಾರೋ ಹಿಂದಿನಿಂದ ಸ್ಟಿಕ್ಕಿನಲ್ಲಿ ಹೊಡೆದರು ಎಂದು ತಿರುಗಿ ನೋಡಿದರೆ ಹಿಂದೆ ಯಾರೂ ಇರುವುದಿಲ್ಲ, ಅಂಥ ನೋವು ಅದು. ಎರಡು ಗಂಟೆ ಅದೇ ಕಾಲಿನಲ್ಲಿ ನಿಂತರು. ಏನು ಮಾತನಾಡಿದರು ಎಂದು ಕೇಳಿದರೆ ನನಗೆ ನೆನಪಿಲ್ಲ. ಟೀಚರ್ ಪಟ್ಟಿಯಲ್ಲಿ ಅವರಿಗೆ ಎಷ್ಟು?


ಸೋಮವಾರಪೇಟೆಯವನು, ಈಗ ಅಯೋವಾ
25 ಆಗಸ್ಟ್ 2023, ರಾತ್ರಿ

ಟೀಚರ್, ನಾನು ಡೆಮಾಯ್ನ್ ನಗರದ ಹೊರಗೆ ಇದ್ದೇನೆ. ಪಕ್ಷದ ಒಳಗಿನ ಮತದಾನ ಮೊದಲು ನಡೆಯುವುದು ನಮ್ಮ ರಾಜ್ಯದಲ್ಲಿ, ಬರುವ ಜನವರಿ 15ರಂದು. ನನಗೆ ಮತವಿಲ್ಲ. ಪಕ್ಕದ ಮನೆಯವರು ಜೋಳ, ಸೋಯಾ ಬೆಳೆಯುವ ರೈತರು, ಪಕ್ಕಾ ರಿಪಬ್ಲಿಕನ್. ಅವರ ಗ್ಯಾರೇಜಿನಲ್ಲಿ ಕುಳಿತು ಒಟ್ಟಿಗೆ ನೋಡಿದೆವು.

ಇಲ್ಲಿನ ಲೆಕ್ಕ ಹೇಳುತ್ತೇನೆ. ಈ ವೇದಿಕೆ ಹತ್ತಲು ಕನಿಷ್ಠ 40,000 ಜನರಿಂದ ದೇಣಿಗೆ ಬಂದಿರಬೇಕು, ಸಮೀಕ್ಷೆಗಳಲ್ಲಿ ಶೇ 1ರಷ್ಟಾದರೂ ಬೆಂಬಲ ಇರಬೇಕು. ಗೆದ್ದವರನ್ನು ಬೆಂಬಲಿಸುತ್ತೇನೆ ಎಂದು ಸಹಿ ಹಾಕಬೇಕು. ಅಂಪೈರ್ ಸರ್ ಮೆಚ್ಚಿದ ಬರ್ಗಮ್ ಆ ಸಂಖ್ಯೆ ಮುಟ್ಟಲು 1 ಡಾಲರ್ ಕೊಟ್ಟವರಿಗೆ 20 ಡಾಲರ್ ಉಡುಗೊರೆ ಕಾರ್ಡ್ ಕೊಡುವುದಾಗಿ ಹೇಳಿದ್ದರು.

ಚರ್ಚೆ ನೋಡಿದವರು 1 ಕೋಟಿ 28 ಲಕ್ಷ ಎಂದು ವಾಹಿನಿ ಹೇಳಿದೆ. ನೋಡಿದ ರಿಪಬ್ಲಿಕನ್ ಮತದಾರರಲ್ಲಿ ಯಾರು ಚೆನ್ನಾಗಿ ಮಾಡಿದರು ಎಂದು ವಾಷಿಂಗ್ಟನ್ ಪೋಸ್ಟ್ ಮತ್ತು ಇಪ್ಸಾಸ್ ನಡೆಸಿದ ಸಮೀಕ್ಷೆಯಲ್ಲಿ ಶೇ 29 ಜನ ಡಿಸ್ಯಾಂಟಿಸ್ ಎಂದಿದ್ದಾರೆ, ಶೇ 26 ರಾಮಸ್ವಾಮಿ, ಶೇ 15 ಹೇಲಿ. ನಿಮ್ಮ ಪಟ್ಟಿಯ ಕೊನೆಯವರು ಇಲ್ಲಿ ಮೊದಲಿಗರು.

ಗ್ಯಾರೇಜಿನಲ್ಲಿ ನಾನು ಆ ಕುತ್ತಿಗೆ ತಿರುಗಿಸಿದ ಕ್ಷಣವನ್ನು ಗಮನಿಸಿದಿರಾ ಎಂದು ಕೇಳಿದೆ. ಗಮನಿಸಿದ್ದರು. ಅದರಲ್ಲಿ ತಪ್ಪೇನು, ಅಕ್ಕಪಕ್ಕದವರು ಏನು ಮಾಡುತ್ತಾರೆ ಎಂದು ನೋಡಿಯೇ ನಾವೂ ಬಿತ್ತನೆ ಮಾಡುತ್ತೇವೆ ಎಂದರು. ಮತ ಯಾರಿಗೆ ಎಂದೆ. ಅವತ್ತು ಬಾರದೆ ಇದ್ದವರಿಗೆ ಎಂದರು. ಹಾಗಿದ್ದರೆ ಎರಡು ಗಂಟೆ ಯಾಕೆ ನೋಡಿದಿರಿ ಎಂದು ಕೇಳಿದ್ದಕ್ಕೆ, ಅವರ ನಂತರ ಯಾರು ಎಂದು ತಿಳಿಯಬೇಕಲ್ಲ ಎಂದರು. ಇವತ್ತು ಎಲ್ಲ ಪರದೆಗಳಲ್ಲೂ ಅಟ್ಲಾಂಟಾದ ಜೈಲಿನಲ್ಲಿ ತೆಗೆದ ಟ್ರಂಪ್ ಫೋಟೋ. ಮಿಲ್ವಾಕಿಯ ಎಂಟು ಜನರನ್ನು ಒಂದೇ ದಿನದಲ್ಲಿ ಮರೆತರು.


ಪೊನ್ನಂಪೇಟೆ ಟೀಚರ್
26 ಆಗಸ್ಟ್ 2023, ಬೆಳಿಗ್ಗೆ

ಬರ್ಗಮ್‌ಗೆ 15, ಸೆನೆಟರ್ ಟಿಮ್ ಸ್ಕಾಟ್‌ಗೂ ಅಷ್ಟೇ. ಪೆನ್ಸ್‌ಗೆ 18. ಸಮಯಪಾಲನೆಯಲ್ಲಿ ಸೊನ್ನೆ ಬಂದರೂ, 2021ರ ಜನವರಿ 6ರಂದು ಟ್ರಂಪ್ ಸೋಲಿನ ಫಲಿತಾಂಶವನ್ನು ತಡೆಯಲು ಒಪ್ಪದೆ ಸಂವಿಧಾನದ ಪರ ನಿಂತೆ ಎಂದು ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದರು.

ಅಯೋವಾ ತಮ್ಮನ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ಮೇ 10ರಂದು ನಮ್ಮ ವಿಧಾನಸಭೆಯ ಚುನಾವಣಾ ಕರ್ತವ್ಯದಲ್ಲಿದ್ದೆ. ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಬೆರಳಿಗೆ ಶಾಯಿ ಹಾಕಿಸಿಕೊಂಡು ಹೋದ ಒಬ್ಬೊಬ್ಬರ ಮುಖ ನೋಡಿದ್ದೇನೆ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬಂದ ಅಜ್ಜಿಯೊಬ್ಬರು ಯಂತ್ರದ ಮುಂದೆ ಬಹಳ ಹೊತ್ತು ನಿಂತರು. ನಾವು ಕಾದೆವು. ಆ ಅಜ್ಜಿ ಮತ ಹಾಕಿದ ಅಭ್ಯರ್ಥಿಯನ್ನು ಆರಿಸಿದವರು ಯಾರು? ಯಾವ ರಾಷ್ಟ್ರೀಯ ಪಕ್ಷವೇ ಆಗಲಿ, ಪಟ್ಟಿ ದೆಹಲಿಯಿಂದ ಬರುತ್ತದೆ. ಟಿಕೆಟ್ ಕೇಳಿದವರೆಲ್ಲ ಗೋಣಿಕೊಪ್ಪದ ಮೈದಾನದಲ್ಲಿ ಒಂದೇ ವೇದಿಕೆ ಹತ್ತಿ, ಆನೆ ದಾಳಿಗೆ ಏನು ಮಾಡುತ್ತೀರಿ, ಜಾರುವ ಬೆಟ್ಟದಲ್ಲಿ ರೆಸಾರ್ಟಿಗೆ ಅನುಮತಿ ಕೊಡುತ್ತೀರಾ ಎಂಬ ಪ್ರಶ್ನೆಗೆ ಅವರವರ ಕಾರ್ಯಕರ್ತರ ಎದುರೇ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ. ಅಲ್ಲಿ ಅಂಥ ವೇದಿಕೆ ಇದೆ. ನೋಡಲು ಕೋಟಿಗಟ್ಟಲೆ ಜನ ಇದ್ದಾರೆ. ಇದ್ದೂ ಬಾರದವರೇ ಗೆಲ್ಲುತ್ತಾರೆ ಎಂದರೆ ನನಗೆ ಸಂಕಟವಾಗುತ್ತದೆ. ಪಾಠ ಓದದೆ ಗೈರಾದ ಮಗುವಿಗೆ ಮೊದಲ ಬಹುಮಾನ ಕೊಟ್ಟರೆ, ಓದಿ ಬಂದ ಎಂಟು ಮಕ್ಕಳ ಮುಖವನ್ನು ನಾನು ಹೇಗೆ ನೋಡಲಿ?

ಜನವರಿಯಲ್ಲಿ ಏನಾಯಿತು ಎಂದು ದಯವಿಟ್ಟು ಬರೆಯಿರಿ. ಇನ್ನುಳಿದ ಚರ್ಚೆಗಳನ್ನೂ ನೋಡುತ್ತೇನೆ.


ಸೋಮವಾರಪೇಟೆಯವನು, ಈಗ ಅಯೋವಾ
16 ಜನವರಿ 2024

ಕೊಟ್ಟ ಮಾತಿನಂತೆ ಬರೆಯುತ್ತಿದ್ದೇನೆ ಟೀಚರ್. ನಿನ್ನೆ ರಾತ್ರಿ 7ಕ್ಕೆ ಸಭೆಗಳು ಶುರುವಾದವು. ಶೂನ್ಯಕ್ಕಿಂತ ಸುಮಾರು 20 ಡಿಗ್ರಿ ಕೆಳಗಿನ ಚಳಿ. ಪಕ್ಕದ ಮನೆಯವರ ಜೊತೆ ಶಾಲೆಯ ವ್ಯಾಯಾಮ ಮಂದಿರಕ್ಕೆ ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತೆ. ಒಬ್ಬೊಬ್ಬ ಅಭ್ಯರ್ಥಿಯ ಪರವಾಗಿ ಒಬ್ಬೊಬ್ಬರು ಎದ್ದು ಮಾತನಾಡುತ್ತಾರೆ. ಆಮೇಲೆ ಚೀಟಿಯಲ್ಲಿ ಹೆಸರು ಬರೆದು ಮಡಚಿ ಹಾಕುತ್ತಾರೆ. ಕೈಯೆತ್ತುವುದಿಲ್ಲ, ಗುಪ್ತ ಮತ. ನಮ್ಮಲ್ಲಿ ಇನ್ನೂ ಭಾಷಣ ನಡೆಯುತ್ತಿರುವಾಗಲೇ ಜನರ ಮೊಬೈಲುಗಳು ಮಿನುಗಿದವು. ಟ್ರಂಪ್ ಗೆದ್ದರು ಎಂದು ಸುದ್ದಿಸಂಸ್ಥೆಗಳು ಅರ್ಧ ಗಂಟೆಯಲ್ಲೇ ಘೋಷಿಸಿಬಿಟ್ಟಿದ್ದವು. ಹೇಲಿ ಪರ ಮಾತನಾಡುತ್ತಿದ್ದ ಹೆಂಗಸು ಒಂದು ಕ್ಷಣ ತಡೆದು ನಿಂತರು, ಕಾಗದ ಸರಿಮಾಡಿಕೊಂಡು ಕೊನೆಯವರೆಗೂ ಓದಿದರು.

ಟ್ರಂಪ್ ಶೇ 51, ಡಿಸ್ಯಾಂಟಿಸ್ ಶೇ 21, ಹೇಲಿ ಶೇ 19, ರಾಮಸ್ವಾಮಿ ಶೇ 8ಕ್ಕೂ ಸ್ವಲ್ಪ ಕಡಿಮೆ. ಆತ ರಾತ್ರಿಯೇ ಕಣದಿಂದ ಸರಿದು ಟ್ರಂಪ್‌ಗೆ ಬೆಂಬಲ ಘೋಷಿಸಿದ.


ಕಾಫಿಕಣ, ಸಿದ್ದಾಪುರ
16 ಜನವರಿ 2024

ಕಾಫಿ ಕುಯ್ಲಿನ ನಡುವೆ ಓದಿದೆ. ನನ್ನ ಹುಡುಗ ಇಷ್ಟು ಬೇಗ ಸೋಲೊಪ್ಪಿಕೊಳ್ಳುತ್ತಾನೆ ಎಂದುಕೊಂಡಿರಲಿಲ್ಲ. ಬೇಸರವಾಯಿತು. ಟೀಚರ್, ಕೈಯೆತ್ತದ ಆ ಇಬ್ಬರು ಏನಾದರು?


ಪೊನ್ನಂಪೇಟೆ ಟೀಚರ್
17 ಜನವರಿ 2024

ಅಣ್ಣ, ಕ್ರಿಸ್ಟಿ ಮತದಾನಕ್ಕೆ ಐದು ದಿನ ಮೊದಲೇ, ಜನವರಿ 10ರಂದು ಹಿಂದೆ ಸರಿದರು. ಹಚಿನ್ಸನ್ ಕೊನೆಯವರೆಗೂ ಅಯೋವಾದಲ್ಲಿ ಓಡಾಡಿದರು. ಇಡೀ ರಾಜ್ಯದಲ್ಲಿ ಅವರಿಗೆ ಬಿದ್ದದ್ದು 191 ಮತ. ಮೇ 10ರಂದು ನಾನಿದ್ದ ಒಂದೇ ಮತಗಟ್ಟೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೇ ಅದಕ್ಕಿಂತ ಹೆಚ್ಚು ಜನ ಮತ ಹಾಕಿದ್ದರು. ನಿನ್ನೆ ಅವರೂ ಕಣದಿಂದ ಸರಿದರು.

ಆಗಸ್ಟ್‌ನ ಅಂಕಪಟ್ಟಿ ರೊಟ್ಟಿ ಹಿಟ್ಟಿನ ಕಲೆಯೊಂದಿಗೆ ಇನ್ನೂ ನನ್ನ ಬಳಿ ಇದೆ. ಹಚಿನ್ಸನ್‌ಗೆ ಕೊಟ್ಟ 19ನ್ನು ತಿದ್ದಿಲ್ಲ.